ಪೆಡಲು ನಿಲ್ಲದ ಸೈಕಲ್ಲು

ಇಳಿಜಾರಿನಲ್ಲಿ ತುಳಿಯುವುದನ್ನು ನಿಲ್ಲಿಸಿ, ಕಾಲುಗಳನ್ನು ಪೆಡಲಿನ ಮೇಲೆ ಸುಮ್ಮನೆ ಇಟ್ಟುಕೊಂಡು ಸಾಗುವ ಸುಖ ಸೈಕಲ್ಲು ಹೊಡೆದವರಿಗೆಲ್ಲ ಗೊತ್ತು. ಆಗ ಹಿಂದಿನ ಚಕ್ರದಿಂದ ಕೇಳಿಬರುವ ‘ಟಿಕ್ ಟಿಕ್’ ಸದ್ದು ಫ್ರೀವೀಲಿನದು. ಈ ಫ್ರೀವೀಲೇ ಇಲ್ಲದ ಸೈಕಲ್ಲೂ ಇದೆ. ಅದರ ಹೆಸರು ಫಿಕ್ಸೆಡ್ ಗೇರ್. ಪಟ್ಟಣದ ಹುಡುಗರ ಬಾಯಲ್ಲಿ ‘ಫಿಕ್ಸಿ’. ಇದರಲ್ಲಿ ಹಿಂದಿನ ಹಲ್ಲುಚಕ್ರ ನೇರವಾಗಿ ಹಬ್ಬಿಗೇ ಬಿಗಿದಿರುತ್ತದೆ. ಚಕ್ರ ತಿರುಗುವಷ್ಟು ಹೊತ್ತೂ ಪೆಡಲು ತಿರುಗುತ್ತದೆ, ಪೆಡಲಿನ ಮೇಲಿನ ಕಾಲೂ ತಿರುಗಲೇಬೇಕು. ಇಳಿಜಾರಾದರೇನು, ಏರಾದರೇನು, ವಿಶ್ರಾಂತಿ ಎಂಬುದಿಲ್ಲ.

ಇದೇನು ಹೊಸ ಹುಚ್ಚು ಎನ್ನಬೇಡಿ. ಫ್ರೀವೀಲು ಬಳಕೆಗೆ ಬರುವ ಮುನ್ನ ಸೈಕಲ್ಲುಗಳೆಲ್ಲ ಹೀಗೆಯೇ ಇದ್ದವು. ಆಮೇಲೆ ರಸ್ತೆಯಿಂದ ಮರೆಯಾದರೂ ವೆಲೊಡ್ರೋಮ್ ಎಂಬ ಬಾಗಿದ ಗೋಡೆಯಂಥ ಪಥದಲ್ಲಿ ಇವು ಉಳಿದುಕೊಂಡವು. ಅಲ್ಲಿ ಬ್ರೇಕು ಇರುವುದೇ ಇಲ್ಲ. ಎಲ್ಲರೂ ಒಂದೇ ದಿಕ್ಕಿಗೆ ಓಡುವ ಕಡೆ ಮುಂದಿನವನು ಥಟ್ಟನೆ ನಿಂತರೆ ಹಿಂದಿನವರೆಲ್ಲ ಅವನ ಮೇಲೆ ಬೀಳುತ್ತಾರಲ್ಲ! ಜಪಾನಿನಲ್ಲಿ 1948ರಲ್ಲಿ ಶುರುವಾದ ಕೇರಿನ್ ಪಂದ್ಯ ಇಂಥ ಸೈಕಲ್ಲಿನದೇ. ಕೇರಳದ ನಮ್ಮ ಓದುಗರು ಇಂಥ ಪಥವನ್ನು ನೋಡಬೇಕೆಂದರೆ ತಿರುವನಂತಪುರದ ಕಾರ್ಯವಟ್ಟಂನಲ್ಲಿ ಒಂದಿದೆ.

ಪಥದಿಂದ ಇದನ್ನು ಮತ್ತೆ ರಸ್ತೆಗೆ ಇಳಿಸಿದವರಲ್ಲಿ ಮುಖ್ಯರು ನ್ಯೂಯಾರ್ಕ್, ಸ್ಯಾನ್‌ಫ್ರಾನ್ಸಿಸ್ಕೊ ನಗರಗಳಲ್ಲಿ ಕಚೇರಿಯಿಂದ ಕಚೇರಿಗೆ ಕಾಗದಪತ್ರ ಮುಟ್ಟಿಸುವ ಕೆಲಸದ ಹುಡುಗರು. ಬಿಡಿಭಾಗ ಕಡಿಮೆ, ರಿಪೇರಿ ಕಡಿಮೆ, ಕಳ್ಳನಿಗೆ ಬಿಚ್ಚಿಕೊಂಡು ಹೋಗಲೂ ಹೆಚ್ಚೇನಿಲ್ಲ. ನ್ಯೂಯಾರ್ಕಿನ ಹಾರ್ಲೆಮ್‌ನ ನೆಲ್ಸನ್ ವೇಲ್ಸ್ ಇದೇ ಕೆಲಸ ಮಾಡಿಕೊಂಡಿದ್ದವರು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಸೈಕಲ್ ಸ್ಪ್ರಿಂಟಿನ ಬೆಳ್ಳಿ ಪದಕ ಗೆದ್ದರು. 2000ದ ದಶಕದಲ್ಲಿ ಇದು ಊರೂರಿನ ಯುವಕರ ಫ್ಯಾಷನ್ನಾಯಿತು.

ಬ್ರೇಕಿಲ್ಲದ ಸೈಕಲ್ಲನ್ನು ನಿಲ್ಲಿಸುವುದು ಹೇಗೆ? ಒಂದು, ತಿರುಗುವ ಪೆಡಲಿಗೆ ಕಾಲಿನಿಂದ ಎದುರು ಬಲ ಕೊಟ್ಟು ನಿಧಾನ ಮಾಡುವುದು. ಇನ್ನೊಂದು ಸ್ಕಿಡ್: ಹಿಂದಿನ ಚಕ್ರವನ್ನೇ ಕಟ್ಟಿಹಾಕಿ ರಸ್ತೆಯ ಮೇಲೆ ಉಜ್ಜಿಕೊಂಡು ಹೋಗುವುದು. ಹುಡುಗರಿಗೆ ಇಷ್ಟವಾಗುವುದು ಎರಡನೆಯದೇ ಎಂದು ಬೇರೆ ಹೇಳಬೇಕೆ?

ಇದು ತೋಳ್ಬಲದ ಕೆಲಸವಲ್ಲ, ಭಾರವನ್ನು ಜರುಗಿಸುವ ಕೆಲಸ. ಪಾದ ಪೆಡಲಿನಿಂದ ಜಾರದಂತೆ ಪಟ್ಟಿ ಬಿಗಿದಿರಬೇಕು, ಪಟ್ಟಿಯಿಲ್ಲದೆ ಪ್ರಯತ್ನಿಸಲೇಬಾರದು. ಮೊದಲು ಖಾಲಿ ಮೈದಾನದಲ್ಲಿ, ಜನ ನಡೆಯುವ ವೇಗಕ್ಕಿಂತ ತುಸು ಜೋರಾಗಿ ಸಾಗಬೇಕು. ನೆಲ ಒದ್ದೆಯಾಗಿದ್ದರೆ ಅಥವಾ ಸಣ್ಣ ಮರಳಿದ್ದರೆ ಕಲಿಯುವುದು ಸುಲಭ. ಆಸನದಿಂದ ಎದ್ದು, ಸೊಂಟವನ್ನು ಹ್ಯಾಂಡಲ್ಲಿನತ್ತ ತಂದು, ಮೈಭಾರವನ್ನೆಲ್ಲ ಮುಂದಿನ ಚಕ್ರದ ಮೇಲೆ ಹಾಕಬೇಕು. ಹಿಂದಿನ ಚಕ್ರ ಹಗುರಾಗುತ್ತದೆ. ಎರಡೂ ಪೆಡಲು ನೆಲಕ್ಕೆ ಸಮಾನಾಂತರಕ್ಕೆ ಬಂದ ಕ್ಷಣದಲ್ಲಿ ಹಿಂದಿನ ಕಾಲಿನಿಂದ ಕೆಳಕ್ಕೆ ಒತ್ತಿ, ಮುಂದಿನ ಕಾಲಿನಿಂದ ಪಟ್ಟಿಯನ್ನು ಮೇಲಕ್ಕೆ ಎಳೆದು, ಮಂಡಿಗಳನ್ನು ಹಾಗೆಯೇ ಹಿಡಿದು ನಿಲ್ಲಿಸಬೇಕು. ಚಕ್ರ ಕಚ್ಚಿಕೊಂಡು ಟಯರು ಉಜ್ಜತೊಡಗುತ್ತದೆ. ಮೊದಮೊದಲು ಒಂದಡಿ ಉಜ್ಜಿದರೂ ಸಾಕು. ಹ್ಯಾಂಡಲು ನೇರವಾಗಿರಲಿ, ಕಣ್ಣು ಮುಂದಿರಲಿ. ಕೆಳಗೆ ಪೆಡಲನ್ನು ನೋಡಿದವನು ಬೀಳುತ್ತಾನೆ.

ಇನ್ನು ಹಲ್ಲಿನ ಲೆಕ್ಕ. ನನಗೆ ಈ ವಿಷಯದಲ್ಲಿ ತುಂಬ ಹಿಡಿಸಿದ್ದು ಇದೇ. ಮುಂದಿನ ಚಕ್ರದಲ್ಲಿ 48 ಹಲ್ಲು, ಹಿಂದೆ 16 ಹಲ್ಲು ಎಂದಿಟ್ಟುಕೊಳ್ಳಿ. 48ನ್ನು 16ರಿಂದ ಭಾಗಿಸಿದರೆ 3. ಪೆಡಲು ಒಂದು ಸುತ್ತು ಬಂದರೆ ಹಿಂದಿನ ಚಕ್ರ ಮೂರು ಸುತ್ತು. ಟಯರಿನ ಸುತ್ತಳತೆ ಸುಮಾರು 2.1 ಮೀಟರ್ ಆದ್ದರಿಂದ ಒಂದು ತುಳಿತಕ್ಕೆ 6.3 ಮೀಟರ್ ದಾರಿ. ನಿಮಿಷಕ್ಕೆ 80 ಸುತ್ತು ತುಳಿದರೆ ಗಂಟೆಗೆ 30 ಕಿ.ಮೀ. ವೇಗ. ಅದೇ 42 ಮತ್ತು 17 ಹಲ್ಲಾದರೆ ಒಂದು ತುಳಿತಕ್ಕೆ 5.2 ಮೀಟರ್, ವೇಗ ಸುಮಾರು 25 ಕಿ.ಮೀ.

ದೊಡ್ಡ ಗೇರಿನಲ್ಲಿ ವೇಗ ಸಿಗುತ್ತದೆ, ಆದರೆ ಹೊರಡುವಾಗಲೂ ನಿಲ್ಲಿಸುವಾಗಲೂ ಮಂಡಿಗೆ ಭಾರ. ಚಿಕ್ಕ ಗೇರಿನಲ್ಲಿ ಚಕ್ರವನ್ನು ಕಟ್ಟಿಹಾಕುವುದು ಸುಲಭ, ಆದರೆ ಇಳಿಜಾರಿನಲ್ಲಿ ಕಾಲು ಗಾಳಿಪಟದ ರಾಟೆಯಂತೆ ತಿರುಗುತ್ತದೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಇಳಿಯುವಾಗ ಮೊದಲನೆಯದರಲ್ಲಿ ನಿಮಿಷಕ್ಕೆ 106 ಸುತ್ತಾದರೆ, ಎರಡನೆಯದರಲ್ಲಿ 128. ಊಟಿಯ ಇಳಿಜಾರಿಗೂ ಸೊಲ್ಲಾಪುರದ ಬಯಲಿಗೂ ಒಂದೇ ಗೇರು ಹೊಂದದು. ಕಲಿಯುವವನು ಚಿಕ್ಕದರಿಂದಲೇ ಆರಂಭಿಸಲಿ ಎಂಬುದು ನನ್ನ ಅಭಿಪ್ರಾಯ.

ಸೋಜಿಗವಿರುವುದು ಟಯರಿನಲ್ಲಿ. ಸ್ಕಿಡ್ ಮಾಡುವವನು ಅಭ್ಯಾಸಬಲದಿಂದ ಯಾವಾಗಲೂ ಒಂದೇ ಕಾಲನ್ನು ಮುಂದಿಡುತ್ತಾನೆ. ಅಂದರೆ ಪೆಡಲು ಪ್ರತಿಸಲವೂ ಒಂದೇ ಸ್ಥಾನದಲ್ಲಿ ನಿಲ್ಲುತ್ತದೆ. 48ಕ್ಕೆ 16ರ ಸೈಕಲ್ಲಿನಲ್ಲಿ ಪೆಡಲು ಒಂದು ಸುತ್ತು ಬರುವಷ್ಟರಲ್ಲಿ ಚಕ್ರ ಸರಿಯಾಗಿ ಮೂರು ಸುತ್ತು ಮುಗಿಸಿ ಅದೇ ಜಾಗಕ್ಕೆ ಬಂದಿರುತ್ತದೆ. ಹೀಗಾಗಿ ಟಯರಿನ ಒಂದೇ ಒಂದು ಜಾಗ ಪದೇಪದೇ ಉಜ್ಜಿ, ಉಳಿದೆಲ್ಲ ಹೊಸದಾಗಿರುವಾಗಲೇ ಅಲ್ಲಿ ನೂಲು ಕಾಣಿಸಿ ಟಯರು ಒಡೆಯುತ್ತದೆ.

ಹಿಂದೆ ಒಂದು ಹಲ್ಲು ಹೆಚ್ಚಿಸಿ 17 ಮಾಡಿ ನೋಡಿ. ಶಾಲೆಯಲ್ಲಿ ಕಲಿತ ಭಿನ್ನರಾಶಿ ಇಲ್ಲಿ ಕೈಹಿಡಿಯುತ್ತದೆ. ಮುಂದಿನ ಹಲ್ಲು ಅಂಶ, ಹಿಂದಿನದು ಛೇದ. ಭಿನ್ನರಾಶಿಯನ್ನು ಸರಳ ರೂಪಕ್ಕೆ ತಂದಾಗ ಉಳಿಯುವ ಛೇದ ಎಷ್ಟೋ, ಟಯರಿನಲ್ಲಿ ಅಷ್ಟು ಜಾಗಗಳು ಸವೆತವನ್ನು ಹಂಚಿಕೊಳ್ಳುತ್ತವೆ. 48/16 ಸರಳವಾಗಿ 3/1, ಜಾಗ ಒಂದು. 44/16 ಎಂದರೆ 11/4, ಜಾಗ ನಾಲ್ಕು. 48/17ನ್ನು ಇನ್ನು ಭಾಗಿಸಲಾಗದು, ಜಾಗ ಹದಿನೇಳು! ಅಂಶ ಬೆಸಸಂಖ್ಯೆಯಾಗಿದ್ದು, ಸವಾರ ಎಡಗಾಲು ಬಲಗಾಲು ಎರಡನ್ನೂ ಮುಂದಿಡಲು ಕಲಿತಿದ್ದರೆ ಜಾಗಗಳು ಇಮ್ಮಡಿ, 45/17ರಲ್ಲಿ 34. ಅದಕ್ಕೇ ತಿಳಿದವರು ಹಿಂದಿನ ಚಕ್ರಕ್ಕೆ 17, 19ರಂಥ ಅವಿಭಾಜ್ಯ ಸಂಖ್ಯೆಯನ್ನು ಆರಿಸುತ್ತಾರೆ. ಈ ಲೆಕ್ಕವನ್ನು ಸವಾರರಿಗೆಲ್ಲ ತಿಳಿಯುವಂತೆ ಬರೆದವರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಸೈಕಲ್ ಮೆಕ್ಯಾನಿಕ್ ಶೆಲ್ಡನ್ ಬ್ರೌನ್ ಪ್ರಮುಖರು. ಅವರು 2008ರಲ್ಲಿ ತೀರಿಕೊಂಡರು. ಮಕ್ಕಳಿಗೆ ಭಿನ್ನರಾಶಿ ಬೇಸರವೆನಿಸಿದರೆ ಮನೆಯ ಸೈಕಲ್ಲಿನ ಹಲ್ಲುಗಳನ್ನು ಎಣಿಸಲು ಹೇಳಿ.

ಇಷ್ಟೆಲ್ಲ ಹೇಳಿದ ಮೇಲೆ, ಕಹಿಯಾದರೂ ಒಂದು ಮಾತು ಹೇಳಲೇಬೇಕು. ಸ್ಕಿಡ್ ಒಂದು ಕೌಶಲ, ಬ್ರೇಕಿಗೆ ಬದಲಿಯಲ್ಲ. ಜಾರುವ ಟಯರಿಗೆ ಉರುಳುವ ಟಯರಿಗಿಂತ ಹಿಡಿತ ಕಡಿಮೆ. ಅದರ ಮೇಲೆ, ಜಾರಿಸಲೆಂದೇ ಅಲ್ಲಿನ ಭಾರವನ್ನೂ ತೆಗೆದಿರುತ್ತೇವೆ. ಒಣ ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ವೇಗದಿಂದ ಮುಂದಿನ ಒಳ್ಳೆಯ ಬ್ರೇಕು ಸುಮಾರು 7 ಮೀಟರಿನಲ್ಲಿ ನಿಲ್ಲಿಸಬಲ್ಲದು. ಹಿಂದಿನ ಬ್ರೇಕೊಂದೇ ಆದರೆ ಅದರ ಎರಡರಷ್ಟು ದೂರ ಬೇಕು. ಸ್ಕಿಡ್ಡಿಗೆ ಇನ್ನೂ ಹೆಚ್ಚು.

2016ರ ಫೆಬ್ರವರಿಯಲ್ಲಿ ಲಂಡನ್ನಿನ ಓಲ್ಡ್ ಸ್ಟ್ರೀಟಿನಲ್ಲಿ 44 ವರ್ಷದ ಮಹಿಳೆಯೊಬ್ಬರು, ಇಬ್ಬರು ಮಕ್ಕಳ ತಾಯಿ, ರಸ್ತೆ ದಾಟುತ್ತಿದ್ದಾಗ ಇಂಥ ಸೈಕಲ್ಲು ಬಂದು ಬಡಿಯಿತು. ಸವಾರನಿಗೆ ಹದಿನೆಂಟು ವರ್ಷ. ಸೈಕಲ್ಲು ಪಥಕ್ಕೆಂದು ಮಾಡಿದ್ದು, ಮುಂದಿನ ಬ್ರೇಕು ಇರಲಿಲ್ಲ. ತಲೆಗೆ ಪೆಟ್ಟಾಗಿ ಆ ತಾಯಿ ಒಂದು ವಾರದಲ್ಲಿ ತೀರಿಕೊಂಡರು. ಬ್ರಿಟನ್ನಿನ ಕಾನೂನು ಸೈಕಲ್ಲಿಗೆ ಎರಡು ಪ್ರತ್ಯೇಕ ಬ್ರೇಕುಗಳನ್ನು ಕೇಳುತ್ತದೆ. ಫಿಕ್ಸೆಡ್ ಚಕ್ರವನ್ನು ಹಿಂದಿನ ಬ್ರೇಕೆಂದು ಒಪ್ಪುತ್ತದೆ, ಆದರೆ ಮುಂದಿನದು ಇರಲೇಬೇಕು. 2017ರಲ್ಲಿ ನ್ಯಾಯಾಲಯ ನರಹತ್ಯೆಯ ಆರೋಪದಿಂದ ಆ ಯುವಕನನ್ನು ಬಿಡುಗಡೆ ಮಾಡಿ, ಕುದುರೆಗಾಡಿಗಳ ಕಾಲದ 1861ರ ಕಾನೂನಿನಡಿ 18 ತಿಂಗಳ ಸೆರೆವಾಸ ವಿಧಿಸಿತು. ತಾಯಿಯಿಲ್ಲದೆ ಬೆಳೆಯಬೇಕಾದ ಆ ಮಕ್ಕಳ ಮುಂದೆ ಈ ಶಿಕ್ಷೆ ಹೆಚ್ಚೋ ಕಡಿಮೆಯೋ ಎಂದು ತೂಗುವ ಮನಸ್ಸು ನನಗಿಲ್ಲ. ಆ ಸೈಕಲ್ಲಿಗೆ ಬೇಕಾಗಿದ್ದದ್ದು ಒಂದು ಸಣ್ಣ ಬ್ರೇಕು.

ಬೆಂಗಳೂರಿಗೋ ಪುಣೆಗೋ ಓದಲು ಹೋದ ನಿಮ್ಮ ಮಗ ಅಥವಾ ಮಗಳು ಫಿಕ್ಸಿ ಬೇಕೆಂದು ಕೇಳಿದರೆ ಗಾಬರಿಯಾಗಬೇಡಿ. ಬೇಡವೆಂದು ಗದರುವ ಬದಲು ಎರಡು ಪ್ರಶ್ನೆ ಕೇಳಿ: ಮುಂದಿನ ಬ್ರೇಕು ಇದೆಯೇ? ಹಿಂದಿನ ಹಲ್ಲುಚಕ್ರದ ಹೊರಗೆ, ಉಲ್ಟಾ ತಿರುಪಿನ ಲಾಕ್‌ರಿಂಗು ಬಿಗಿಯಾಗಿದೆಯೇ? ಆ ರಿಂಗಿಲ್ಲದಿದ್ದರೆ ಸ್ಕಿಡ್ ಮಾಡುವಾಗ ಹಲ್ಲುಚಕ್ರವೇ ಸಡಿಲಾಗಿ ಬಿಚ್ಚಿಕೊಳ್ಳಬಹುದು.

ಮನೆಯಲ್ಲಿ ಚಿಕ್ಕಮಕ್ಕಳಿದ್ದರೆ ಇನ್ನೊಂದು ಎಚ್ಚರಿಕೆ. ಮಾಮೂಲಿ ಸೈಕಲ್ಲಿನ ಚೈನಿಗೆ ಸೆರಗೋ ಪ್ಯಾಂಟಿನ ಅಂಚೋ ಸಿಕ್ಕಿದರೆ ತುಳಿಯುವುದನ್ನು ನಿಲ್ಲಿಸಿದರಾಯಿತು. ಇದರಲ್ಲಿ ಚಕ್ರ ನಿಲ್ಲುವವರೆಗೂ ಚೈನು ಎಳೆಯುತ್ತಲೇ ಇರುತ್ತದೆ. ಸ್ಟ್ಯಾಂಡಿನ ಮೇಲೆ ಚಕ್ರ ತಿರುಗಿಸುತ್ತಾ ಚೈನು ಒರೆಸಲು ಹೋಗಿ ಬೆರಳ ತುದಿ ಕಳೆದುಕೊಂಡವರಿದ್ದಾರೆ. ಎಣ್ಣೆ ಹಾಕುವಾಗ ಚಕ್ರ ಪೂರ್ತಿ ನಿಂತಿರಲಿ, ಮಗು ದೂರವಿರಲಿ.