ಅಮ್ಮಿಯ ಥೈರಾಯ್ಡ್ ಮತ್ತು ಚೀನಾದ ಕಡಲಕಳೆ

ನಮ್ಮ ಅಮ್ಮಿಗೆ ನಾಲ್ಕು ವರ್ಷಗಳಿಂದ ಥೈರಾಯ್ಡ್ ತೊಂದರೆ ಇದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಚಿಕ್ಕ ಮಾತ್ರೆ ನುಂಗಿ, ಅರ್ಧ ಗಂಟೆಯಾದ ಮೇಲೆಯೇ ಚಹಾ ಕುಡಿಯುತ್ತಾರೆ. ಕಳೆದ ವರ್ಷ ಗಲ್ಫ್‌ನಿಂದ ಬಂದ ಸಂಬಂಧಿಕರೊಬ್ಬರು ಒಂದು ಡಬ್ಬಿ ಕ್ಯಾಪ್ಸೂಲ್ ಕೊಟ್ಟು, "ಇದು ಚೀನಾದ ಹಳೆಯ ಔಷಧಿ, ಕಡಲಕಳೆಯಿಂದ ಮಾಡಿದ್ದು. ಇದನ್ನು ತಗೊಂಡರೆ ಇಂಗ್ಲಿಷ್ ಮಾತ್ರೆ ಬೇಕಾಗಿಲ್ಲ" ಎಂದರು. ಜೀವನಪೂರ್ತಿ ಮಾತ್ರೆ ತಿನ್ನಬೇಕಲ್ಲ ಎಂಬ ಬೇಸರ ಅಮ್ಮಿಗೆ ಮೊದಲೇ ಇತ್ತು. ಡಬ್ಬಿಯ ಮೇಲಿನ ಇಂಗ್ಲಿಷ್ ಓದಿ, "ಪೂರಾ ನೈಸರ್ಗಿಕ ಅಮ್ಮಿ, ಏನೂ ಆಗಲ್ಲ" ಎಂದು ಹೇಳಿದ್ದು ನಾನೇ. ಅಮ್ಮಿ ಮಾತ್ರೆ ಬಿಟ್ಟರು.

ಎರಡು ತಿಂಗಳಲ್ಲಿ ಅವರ ಮುಖ ಊದಿಕೊಂಡಿತು, ದನಿ ಒರಟಾಯಿತು. ಏಪ್ರಿಲ್ ಬಿಸಿಲಿನಲ್ಲೂ ಚಾದರ ಹೊದ್ದು ಕೂರುತ್ತಿದ್ದರು. ನಮಾಜ್ ಮುಗಿಸಿ ಜಾನಮಾಜ್ ಮೇಲೆಯೇ ನಿದ್ದೆ ಹೋಗುತ್ತಿದ್ದರು. ರಕ್ತ ಪರೀಕ್ಷೆ ಮಾಡಿಸಿದಾಗ ಮೊದಲು 3 ಇದ್ದ ಟಿಎಸ್‌ಎಚ್ 41 ಆಗಿತ್ತು. ಡಾಕ್ಟರ್ ಬೈಯಲಿಲ್ಲ. "ಈ ಮಾತ್ರೆ ಏನು ಕೆಲಸ ಮಾಡುತ್ತದೆ ಅಂತ ನಿಮ್ಮ ಮನೆಯಲ್ಲಿ ಯಾರಿಗಾದರೂ ಗೊತ್ತಾ?" ಎಂದು ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ನಾನು ಕಾಮರ್ಸ್ ವಿದ್ಯಾರ್ಥಿ, ವಿಜ್ಞಾನ ಓದಿದ್ದು ಹತ್ತನೇ ತರಗತಿವರೆಗೆ ಮಾತ್ರ. ಆದರೂ ಗ್ರಂಥಾಲಯದಲ್ಲಿ ಓದಿ, ಜೀವಶಾಸ್ತ್ರದ ಉಪನ್ಯಾಸಕರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಥೈರಾಯ್ಡ್ ಎಂಬುದು ಕುತ್ತಿಗೆಯ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿರುವ ಗ್ರಂಥಿ. ಅದನ್ನು ಒಂದು ಕಾರ್ಖಾನೆ ಎಂದುಕೊಳ್ಳಿ. ಕಚ್ಚಾವಸ್ತು ಅಯೋಡಿನ್, ತಯಾರಾಗುವ ಸರಕು ಥೈರಾಕ್ಸಿನ್ ಹಾರ್ಮೋನು. ದೇಹದ ಬಿಸಿ, ಹೃದಯದ ಬಡಿತ, ತೂಕ ಎಲ್ಲದರ ಮೇಲೂ ಇದರ ಪ್ರಭಾವವಿದೆ. ರಕ್ತದಲ್ಲಿ ಸರಕು ಕಡಿಮೆಯಾದರೆ ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ ಟಿಎಸ್‌ಎಚ್ ಎಂಬ ಆರ್ಡರ್ ಕಳಿಸುತ್ತದೆ. ಸರಕು ಬರದಿದ್ದರೆ ಆರ್ಡರ್ ಮೇಲೆ ಆರ್ಡರ್! ಅದಕ್ಕೇ ಥೈರಾಯ್ಡ್ ಮಂದವಾದಾಗ ಟಿಎಸ್‌ಎಚ್ ಏರುತ್ತದೆ. ಸಾಮಾನ್ಯವಾಗಿ ಅದು 0.4ರಿಂದ 4ರ ಆಸುಪಾಸಿನಲ್ಲಿರಬೇಕು.

ಕುತ್ತಿಗೆಯ ಊತವನ್ನು, ಅಂದರೆ ನಾವು ಗಳಗಂಡ ಎನ್ನುವುದನ್ನು, ಹಳೆಯ ಚೀನೀ ವೈದ್ಯರು 'ಯಿಂಗ್' ಎಂದು ಕರೆದರು. ಕೋಪ, ಚಿಂತೆಗಳಿಂದ 'ಚೀ' ಎಂಬ ಪ್ರಾಣಶಕ್ತಿಯ ಹರಿವು ನಿಂತು, ಕಫ ಗಂಟು ಕಟ್ಟುತ್ತದೆ ಎಂಬುದು ಅವರ ವಿವರಣೆ. ಗುಡ್ಡಗಾಡಿನ ನೀರು, ಮಣ್ಣಿನಿಂದಲೂ ಇದು ಬರುತ್ತದೆ ಎಂದರು. ಉಪ್ಪುರುಚಿ ಗಟ್ಟಿಯಾದ ಗಂಟನ್ನು ಮೆತ್ತಗೆ ಮಾಡುತ್ತದೆ ಎಂಬ ತತ್ವದಂತೆ ಕಡಲಕಳೆ ಕೊಟ್ಟರು. ನಾಲ್ಕನೇ ಶತಮಾನದ ಗೆ ಹಾಂಗ್ ಎಂಬ ವೈದ್ಯ ಇದನ್ನು ಬರೆದಿಟ್ಟಿದ್ದಾರೆ. ಏಳನೇ ಶತಮಾನದ ಸುನ್ ಸಿಮಿಯಾವೊ ಪ್ರಾಣಿಗಳ ಥೈರಾಯ್ಡ್ ಗ್ರಂಥಿಯನ್ನೇ ಔಷಧಿಯಾಗಿ ಬಳಸಿದರು.

ಪಾಶ್ಚಾತ್ಯರಿಗೆ ಇದರ ಹಿಂದಿನ ಕಾರಣ ಗೊತ್ತಾಗಿದ್ದು ಬಹಳ ತಡವಾಗಿ. 1811ರಲ್ಲಿ ಫ್ರಾನ್ಸಿನ ಕೂರ್ತ್ವಾ ಅವರಿಗೆ ಕಡಲಕಳೆಯ ಬೂದಿಯಲ್ಲಿ ಅಯೋಡಿನ್ ಸಿಕ್ಕಿತು. 1820ರಲ್ಲಿ ಜಿನೀವಾದ ವೈದ್ಯ ಕ್ವಾಂಡೆ ಅದನ್ನು ಗಳಗಂಡಕ್ಕೆ ಕೊಟ್ಟರು. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಕುರಿಯ ಥೈರಾಯ್ಡ್ ರಸವನ್ನು ಚುಚ್ಚಿ, ಥೈರಾಯ್ಡ್ ನಿಂತುಹೋಗಿದ್ದ ಒಬ್ಬ ಮಹಿಳೆಯನ್ನು ಗುಣಪಡಿಸಿದರು. 1914ರಲ್ಲಿ ಅಮೆರಿಕದ ಕೆಂಡಾಲ್ ಥೈರಾಕ್ಸಿನ್ ಅನ್ನು ಬೇರ್ಪಡಿಸಿದರು. ಬೆಟ್ಟಪ್ರದೇಶದಲ್ಲಿ ಮಳೆ ಮಣ್ಣಿನ ಅಯೋಡಿನ್ ಅನ್ನು ಕೊಚ್ಚಿಕೊಂಡು ಹೋಗುತ್ತದೆ. ಹಾಗಾಗಿ ಗುಡ್ಡಗಾಡಿನ ನೀರು, ಮಣ್ಣಿನ ಬಗ್ಗೆ ಚೀನೀಯರು ಹೇಳಿದ್ದು ಸುಳ್ಳಲ್ಲ.

ಹಾಗಾದರೆ ಕಡಲಕಳೆ ಅಮ್ಮಿಗೆ ಏಕೆ ನಾಟಲಿಲ್ಲ? ಇದೇ ಮುಖ್ಯವಾದ ವಿಷಯ. ಹಳೆಯ ಚೀನೀ ವೈದ್ಯರು ಕಡಲಕಳೆಯಿಂದ ಗುಣಪಡಿಸುತ್ತಿದ್ದುದು ಅಯೋಡಿನ್ ಕೊರತೆಯ ಊತವನ್ನು. ನಾವು ತಿನ್ನುವ ಉಪ್ಪಿನಲ್ಲಿ ಈಗ ಅಯೋಡಿನ್ ಸೇರಿಸಿರುತ್ತಾರೆ. 1956ರಲ್ಲಿ ಕಾಂಗ್ರಾ ಕಣಿವೆಯಲ್ಲಿ ಡಾ. ರಾಮಲಿಂಗಸ್ವಾಮಿ ಅವರ ತಂಡ ಆರಂಭಿಸಿದ ಅಧ್ಯಯನ ಉಪ್ಪಿನಿಂದ ಗಳಗಂಡ ಕಡಿಮೆಯಾಗುತ್ತದೆ ಎಂದು ತೋರಿಸಿಕೊಟ್ಟಿತು. ಅಮ್ಮಿಯ ಕಾಯಿಲೆ ಬೇರೆ. 1912ರಲ್ಲಿ ಜಪಾನಿನ ವೈದ್ಯ ಹಶಿಮೊಟೊ ವಿವರಿಸಿದ ಕಾಯಿಲೆ ಅದು. ಇದರಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಥೈರಾಯ್ಡ್ ಮೇಲೆ ದಾಳಿ ಮಾಡುತ್ತದೆ. ಕಾರ್ಖಾನೆಯ ಯಂತ್ರವೇ ಕೆಟ್ಟಿರುವಾಗ ಲಾರಿಗಟ್ಟಲೆ ಕಚ್ಚಾವಸ್ತು ಸುರಿದರೆ ಏನು ಲಾಭ? ಅಯೋಡಿನ್ ಅತಿಯಾದರೆ ಇಂಥವರಿಗೆ ತೊಂದರೆ ಹೆಚ್ಚುವುದೂ ಉಂಟು. ಅವರಿಗೆ ಬೇಕಾದದ್ದು ತಯಾರಾದ ಸರಕು, ಅಂದರೆ ಆ ಚಿಕ್ಕ ಮಾತ್ರೆ. ಅದು ಥೈರಾಕ್ಸಿನ್ ಹಾರ್ಮೋನೇ.

ಇದರರ್ಥ ಚೀನೀ ವೈದ್ಯರು ದಡ್ಡರೆಂದಲ್ಲ. ಚಳಿ, ಸುಸ್ತು, ಊತ ಕಂಡರೆ ದೇಹದ 'ಯಾಂಗ್', ಅಂದರೆ ಬಿಸಿ, ಕುಂದಿದೆ ಎನ್ನುತ್ತಾರೆ. ಎದೆ ಬಡಿತ, ಬೆವರು, ಸಿಡುಕು ಹೆಚ್ಚಾದರೆ ಒಳಗೆ ಬೆಂಕಿ ಎದ್ದಿದೆ ಎನ್ನುತ್ತಾರೆ. ಥೈರಾಯ್ಡ್ ಮಂದವಾದಾಗ, ಅತಿಯಾದಾಗ ಕಾಣುವ ಲಕ್ಷಣಗಳೇ ಇವು. ಕಣ್ಣಿಗೆ ಕಂಡದ್ದನ್ನು ಅವರು ಸರಿಯಾಗಿ ಗಮನಿಸಿದ್ದರು. ಕಾಣದ ಕಾರಣವನ್ನು ತೋರಿಸುವುದು ರಕ್ತ ಪರೀಕ್ಷೆ. ಇಂದು ಚೀನಾದ ಆಸ್ಪತ್ರೆಗಳಲ್ಲೂ ಈ ಪರೀಕ್ಷೆ ಮಾಡುತ್ತಾರೆ.

ಮನೆಯಲ್ಲಿ ಯಾರಾದರೂ ಈ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ನೆನಪಿಡಿ. ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಬೇಕು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಲಿ. ರಂಜಾನಿನಲ್ಲಿ ಸೆಹ್ರಿಗೆ ಅರ್ಧ ಗಂಟೆ ಮೊದಲೋ, ರಾತ್ರಿ ಊಟವಾಗಿ ಮೂರು-ನಾಲ್ಕು ಗಂಟೆಯ ಮೇಲೋ ಎಂಬುದನ್ನು ಡಾಕ್ಟರನ್ನು ಕೇಳಿ ಮೊದಲೇ ನಿರ್ಧರಿಸಿ. ಗರ್ಭಿಣಿಯರು ಮಾತ್ರೆಯನ್ನು ತಾವಾಗಿ ಬಿಡಲೇಬಾರದು. ಯಾವುದೇ ಗಿಡಮೂಲಿಕೆ, ಪುಡಿ ತೆಗೆದುಕೊಳ್ಳುತ್ತಿದ್ದರೂ ಡಾಕ್ಟರಿಗೆ ಮುಚ್ಚಿಡಬೇಡಿ.

ಮಾತ್ರೆ ಮತ್ತೆ ಶುರು ಮಾಡಿದ ಮೇಲೆ ಅಮ್ಮಿಯ ಟಿಎಸ್‌ಎಚ್ ನಿಧಾನವಾಗಿ ಇಳಿದು, ಮೂರನೇ ಪರೀಕ್ಷೆಯಲ್ಲಿ 3.6ಕ್ಕೆ ಬಂತು. ಆ ಲೆಕ್ಕವನ್ನು ಈಗ ನಾನೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಡಬ್ಬಿಯ ಮೇಲೆ 'ನೈಸರ್ಗಿಕ' ಎಂದಿದ್ದರೆ ಏನೂ ಆಗಲ್ಲ ಎಂದು ಈಗ ಯಾರಿಗೂ ಹೇಳುವುದಿಲ್ಲ. ಮೊದಲು ಕಾಯಿಲೆ ಯಾವುದು ಎಂದು ಕೇಳುತ್ತೇನೆ.