ಮಸುಕು ಕಣ್ಣಿನದೋ, ಪರದೆಯದೋ?

ಹತ್ತನೇ ತರಗತಿಯ ಹುಡುಗನನ್ನು ತಾಯಿ ಕರೆತಂದಿದ್ದರು. ‘ಸಂಜೆ ಓದಿದ ಮೇಲೆ ತಲೆನೋವು, ಕಣ್ಣುರಿ. ಅಕ್ಷರ ಮಂಜುಮಂಜು ಅಂತಾನೆ. ಕನ್ನಡಕ ಬೇಕಾಗಬಹುದೇ ಡಾಕ್ಟರೇ?’ ಪರೀಕ್ಷಿಸಿದರೆ ದೃಷ್ಟಿ ಸರಿಯಾಗಿಯೇ ಇತ್ತು. ವಿಚಾರಿಸಿದಾಗ ಸಂಗತಿ ತಿಳಿಯಿತು. ಮನೆಯ ಕಂಪ್ಯೂಟರನ್ನು ಹಜಾರದ 43 ಇಂಚಿನ ಟಿ.ವಿ.ಗೆ ಜೋಡಿಸಿದ್ದರು. ಅಕ್ಷರ ಚಿಕ್ಕದಾಯಿತೆಂದು ರೆಸಲ್ಯೂಷನ್ ಇಳಿಸಿದ್ದರು. ಅಕ್ಷರವೇನೋ ದೊಡ್ಡದಾಯಿತು, ಜೊತೆಗೆ ಮಸುಕೂ ಆಯಿತು.

ಹೀಗೇಕೆ? ಟಿ.ವಿ. ಪರದೆಯಲ್ಲಿರುವ ಚುಕ್ಕಿಗಳ ಸಂಖ್ಯೆ ಬದಲಾಗುವುದಿಲ್ಲ. ಫುಲ್ ಎಚ್.ಡಿ. ಪರದೆಯಲ್ಲಿ ಅಡ್ಡಕ್ಕೆ 1920, ಮೇಲಿಂದ ಕೆಳಕ್ಕೆ 1080. 4ಕೆ ಪರದೆಯಲ್ಲಿ 3840 ಮತ್ತು 2160. ಕಂಪ್ಯೂಟರ್ ಅಷ್ಟೇ ಚುಕ್ಕಿಗಳನ್ನು ಕಳಿಸಿದರೆ ಚಿತ್ರ ಸ್ಪಷ್ಟ. ಕಡಿಮೆ ಕಳಿಸಿದರೆ ಟಿ.ವಿ. ಅದನ್ನು ಹಿಗ್ಗಿಸಿ ತೋರಿಸುತ್ತದೆ, ಅಕ್ಷರದ ಅಂಚು ಕದಡುತ್ತದೆ. ಸಿನಿಮಾದಲ್ಲಿ ಇದು ಅಷ್ಟಾಗಿ ತಿಳಿಯದು, ಓದುವಾಗ ಕಾಡುತ್ತದೆ.

ಮಸುಕು ಅಕ್ಷರದಿಂದ ಕಣ್ಣು ಕೆಡುವುದಿಲ್ಲ, ದಣಿಯುತ್ತದೆ. ಕಣ್ಣು ಕಿರಿದು ಮಾಡಿ, ಮುಂದಕ್ಕೆ ಬಾಗಿ ನೋಡುತ್ತೇವೆ. ಪರದೆಯನ್ನೇ ದಿಟ್ಟಿಸುವಾಗ ರೆಪ್ಪೆ ಮಿಟುಕಿಸುವುದೂ ಕಡಿಮೆಯಾಗುತ್ತದೆ. ಉರಿ, ತಲೆನೋವು, ಕತ್ತುನೋವು ಬರುವುದು ಹೀಗೆ.

ಪರಿಹಾರ ಸುಲಭ. ಎಚ್.ಡಿ.ಎಂ.ಐ. ಕೇಬಲ್ ಬಳಸಿ, ಚಿತ್ರ, ಧ್ವನಿ ಎರಡೂ ಅದರಲ್ಲೇ ಹೋಗುತ್ತವೆ. ವಿಂಡೋಸ್ ಕಂಪ್ಯೂಟರಿನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ‘ರೆಕಮೆಂಡೆಡ್’ ಎಂದು ಗುರುತಿಸಿದ ರೆಸಲ್ಯೂಷನ್ ಸಾಮಾನ್ಯವಾಗಿ ಟಿ.ವಿ.ಯ ಚುಕ್ಕಿಗಳಿಗೆ ಹೊಂದುತ್ತದೆ, ಟಿ.ವಿ.ಯ ಕೈಪಿಡಿಯಲ್ಲಿ ಒಮ್ಮೆ ತಾಳೆ ನೋಡಿ. ಅಕ್ಷರ ಚಿಕ್ಕದೆನಿಸಿದರೆ ರೆಸಲ್ಯೂಷನ್ ಇಳಿಸಬೇಡಿ. ಅಲ್ಲಿಯೇ ಇರುವ ‘ಸ್ಕೇಲ್’ ಅನ್ನು 125 ಅಥವಾ 150ಕ್ಕೆ ಏರಿಸಿ. ಚಿತ್ರದ ಅಂಚು ಕತ್ತರಿಸಿದಂತಿದ್ದರೆ ಟಿ.ವಿ.ಯ ಪಿಕ್ಚರ್ ಮೆನುವಿನಲ್ಲಿ ‘ಸ್ಕ್ರೀನ್ ಫಿಟ್’ ಅಥವಾ ‘ಜಸ್ಟ್ ಸ್ಕ್ಯಾನ್’ ಆರಿಸಿ. ಹೆಸರು ಟಿ.ವಿ.ಯಿಂದ ಟಿ.ವಿ.ಗೆ ಬೇರೆಯಾಗಬಹುದು.

43 ಇಂಚಿನ ಫುಲ್ ಎಚ್.ಡಿ. ಟಿ.ವಿ.ಗೆ ಐದಾರು ಅಡಿ ದೂರವಿರಲಿ. ಇನ್ನೂ ಹತ್ತಿರ ಕುಳಿತರೆ ಚುಕ್ಕಿಗಳೇ ಕಾಣತೊಡಗುತ್ತವೆ. ಕೋಣೆಯ ದೀಪ ಆರಿಸಬೇಡಿ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಿ.

ಹಾಗೆಂದು ಎಲ್ಲ ಮಸುಕಿಗೂ ಟಿ.ವಿ.ಯನ್ನೇ ದೂರಬೇಡಿ. ಶಾಲೆಯ ಕರಿಹಲಗೆ, ಬಸ್ಸಿನ ಬೋರ್ಡು ಕೂಡ ಮಂಜಾದರೆ ತಡಮಾಡದೆ ನೇತ್ರ ತಜ್ಞರನ್ನು ಕಾಣಿ. ಪರದೆ ಸರಿಪಡಿಸಿದ ಮೇಲೂ ತಲೆನೋವು ಉಳಿದರೂ ಅಷ್ಟೆ. ನಮ್ಮ ಹುಡುಗನಿಗೆ ಮಾತ್ರ ಕನ್ನಡಕ ಬೇಕಾಗಲಿಲ್ಲ. ಸೆಟ್ಟಿಂಗ್ ಬದಲಿಸಿದ ವಾರದಲ್ಲೇ ಅವನ ತಲೆನೋವು ನಿಂತಿತು.