ಮುಗಿಯದೆ ಉಳಿದ ವೇಧಶಾಲೆ

ಸಂಜೆ ತುಂಗೆಯ ದಡದಲ್ಲಿ ನಿಂತು ಬಿದಿಗೆಯ ಚಂದ್ರನನ್ನು ಅರಸದವರು ನಮ್ಮಲ್ಲಿ ವಿರಳ. ಆದರೆ ನೋಡುವುದು ಬೇರೆ, ಅಳೆಯುವುದು ಬೇರೆ. ಗ್ರಹನಕ್ಷತ್ರಗಳ ಸ್ಥಾನವನ್ನು ಅಳೆದು, ಬರೆದಿಟ್ಟು, ವರ್ಷವರ್ಷವೂ ಹಳೆಯ ಲೆಕ್ಕದೊಡನೆ ತಾಳೆ ನೋಡುವ ಸ್ಥಳವೇ ವೇಧಶಾಲೆ.

ನಮಾಜಿನ ವೇಳೆ, ಮೆಕ್ಕಾದ ದಿಕ್ಕು, ಚಾಂದ್ರಮಾಸದ ಆರಂಭ, ಇವುಗಳನ್ನು ನಿರ್ಣಯಿಸಬೇಕಾಗಿದ್ದ ಇಸ್ಲಾಮೀ ಜಗತ್ತಿನಲ್ಲಿ ಈ ವಿದ್ಯೆಗೆ ಬಹಳ ಮನ್ನಣೆಯಿದ್ದಿತು. ಕ್ರಿ.ಶ. 828ರ ಸುಮಾರಿಗೆ ಖಲೀಫ ಅಲ್ ಮಾಮೂನನ ಆಶ್ರಯದಲ್ಲಿ ಬಾಗ್ದಾದಿನ ಪಂಡಿತರು ಟಾಲೆಮಿಯ ಗಣಿತವನ್ನು ಆಕಾಶದೊಡನೆ ಒರೆಹಚ್ಚಿ ನೋಡಿದರು. 1259ರಲ್ಲಿ ಮಂಗೋಲ ದೊರೆ ಹುಲಗುವಿನ ಆಜ್ಞೆಯಿಂದ ಮರಾಘಾ ನಗರದಲ್ಲಿ ನಾಸಿರುದ್ದೀನ್ ತೂಸಿಯ ವೇಧಶಾಲೆ ಆರಂಭವಾಯಿತು. ಶನಿಗ್ರಹವು ಒಂದು ಸುತ್ತು ಮುಗಿಸಲು 30 ವರ್ಷ ಬೇಕಾದುದರಿಂದ ಅಷ್ಟು ಕಾಲ ಬೇಕೆಂದು ತೂಸಿ ಕೇಳಿದನು. ದೊರೆ 12 ವರ್ಷದೊಳಗೆ ಮುಗಿಸೆಂದನು. ಗ್ರಹಗಳ ಕಾಲಕ್ಕೂ ಅರಸರ ಕಾಲಕ್ಕೂ ಇರುವ ವ್ಯತ್ಯಾಸವಿದು! ಆದರೂ 1265ರಲ್ಲಿ ಹುಲಗು ತೀರಿಕೊಂಡ ಬಳಿಕ ಕೆಲಸ ನಿಲ್ಲಲಿಲ್ಲ. ವಕ್ಫ್ ದತ್ತಿಯ ಆದಾಯವು ಅದಕ್ಕೆ ಆಧಾರವಾಗಿದ್ದಿತು.

ಹದಿನೈದನೆಯ ಶತಮಾನದಲ್ಲಿ ಸಮರಕಂದದಲ್ಲಿ ಉಲುಗ್ ಬೇಗನು ಕಟ್ಟಿಸಿದ ಯಂತ್ರದ ತ್ರಿಜ್ಯವು ಸುಮಾರು 130 ಅಡಿ. ಮಧ್ಯಾಹ್ನದ ಬಿಸಿಲು ಸಣ್ಣ ರಂಧ್ರದಿಂದ ಇಳಿದು ಕಲ್ಲಿನ ಕಮಾನಿನ ಮೇಲೆ ಬೀಳುತ್ತಿದ್ದಿತು. ಕಮಾನು ದೊಡ್ಡದಾದಷ್ಟೂ ಅಳತೆ ಸೂಕ್ಷ್ಮವಾಗುವುದು. ಇಲ್ಲಿ ಒಂದು ಅಂಶಕ್ಕೆ ಎರಡು ಅಡಿಗೂ ಮಿಕ್ಕ ಸ್ಥಳವಿದ್ದಿತು.

ನಮ್ಮ ನಾಡಿಗೂ ಈ ಕಥೆಯ ಒಂದು ಎಳೆಯುಂಟು. ಸಮರಕಂದದ ಕಟ್ಟಡಕ್ಕಿಂತ ಮುಂಚೆ, 1407ರಲ್ಲಿ, ಕಲಬುರ್ಗಿಯಿಂದ ಆಳುತ್ತಿದ್ದ ಫಿರೋಜ್ ಷಾ ಬಹಮನಿಯು ದೌಲತಾಬಾದಿನ ಬಳಿ ವೇಧಶಾಲೆಯೊಂದನ್ನು ಕಟ್ಟಲು ಅಪ್ಪಣೆ ಮಾಡಿದನೆಂದು ವಿಜಾಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫೆರಿಷ್ತನು ಬರೆದಿದ್ದಾನೆ. ಈ ಸುಲ್ತಾನನು ವಾರಕ್ಕೆ ಮೂರು ದಿನ ತಾನೇ ಪಾಠ ಹೇಳುತ್ತಿದ್ದನಂತೆ. ಆದರೆ ಕೆಲಸದ ಹೊಣೆ ಹೊತ್ತಿದ್ದ ಹಕೀಮ್ ಹಸನ್ ಗೀಲಾನಿಯು ತೀರಿಕೊಳ್ಳಲು, ಕಟ್ಟಡವು ಅರ್ಧಕ್ಕೇ ನಿಂತಿತು. ದೊರೆಯಿದ್ದನು, ಧನವಿದ್ದಿತು, ಆಸಕ್ತಿಯೂ ಇದ್ದಿತು. ಒಬ್ಬನ ವಿದ್ಯೆಯನ್ನು ಮುಂದುವರಿಸುವ ಎರಡನೆಯವನು ಮಾತ್ರ ಸಿದ್ಧನಾಗಿರಲಿಲ್ಲ.

ಉಲುಗ್ ಬೇಗನೂ 1449ರಲ್ಲಿ ಕೊಲೆಯಾದನು. ಅವನ ವೇಧಶಾಲೆ ಹಾಳಾಗಿ ಮಣ್ಣಿನಲ್ಲಿ ಮರೆಯಾಯಿತು. 1908ರಲ್ಲಿ ಅಗೆದಾಗಲೇ ಅದರ ಕಮಾನು ಕಂಡುದು. ಆದರೆ ಅಲ್ಲಿ ಸಿದ್ಧವಾದ 1018 ನಕ್ಷತ್ರಗಳ ಪಟ್ಟಿ ಕಾಗದದ ಮೇಲೆ ಉಳಿದು, ಹದಿನೆಂಟನೆಯ ಶತಮಾನದಲ್ಲಿ ಜಯಪುರದ ಸವಾಯಿ ಜಯಸಿಂಹನಿಗೂ ದಾರಿ ತೋರಿತು. ಕಾಗದ ಮಾಡುವ ವಿದ್ಯೆ ಸಮರಕಂದದಿಂದಲೇ ಬಾಗ್ದಾದಿಗೆ ಬಂದುದೆಂಬುದನ್ನು ಭದ್ರಾವತಿಯ ಕಾಗದನಗರವನ್ನು ಬಲ್ಲ ನಾವು ನೆನೆಯುವುದು ಉಚಿತ.

ಕಲ್ಲು ಉರುಳಬಹುದು, ಅರಸರು ಅಳಿಯಬಹುದು. ಅಳೆದುದನ್ನು ಬರೆದಿಡುವ ಕೈ, ಅದನ್ನು ಓದಿ ಮುಂದುವರಿಸುವ ಶಿಷ್ಯ, ಇವೆರಡೂ ಇದ್ದರೆ ವೇಧಶಾಲೆ ಉಳಿದಂತೆಯೇ ಸರಿ.